ಕಾಯುವವರನ್ನು ಕಾಯುವವರಾರು?

(ಅಂತಿಮ ಬಿ.ಎ. ವಿದ್ಯಾರ್ಥಿನಿಯೊಬ್ಬಳಿಂದ)

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಪರರ ಮನೆಗೆ ಬೆಳಕು ತೋರುವವರ ಸ್ವಂತ ಬಾಳಿನಲ್ಲಿ ಬೆಳಕಿಲ್ಲದಿರುವುದನ್ನು ಕಣ್ಣಾರೆ ಕಂಡವರೇ ಈ ಮಾತನ್ನು ಆಡಿರಬೇಕು. ನಮ್ಮ ಬೀದರ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಈ ಗಾದೆಗೆ ಉದಾಹರಣೆಯಾಗಿ ಮೂವರು ಹೆಂಗಸರು ಸಿಗುತ್ತಾರೆ: ಅಂಗನವಾಡಿಯ ಕಾರ್ಯಕರ್ತೆ, ಅಲ್ಲಿ ಅಡಿಗೆ ಮಾಡಿ ಮಕ್ಕಳನ್ನು ಕರೆತರುವ ಸಹಾಯಕಿ, ಮತ್ತು ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆ. ದುರ್ಬಲವಾದ ಕುಟುಂಬಗಳನ್ನು ಸರಕಾರ ಹೇಗೆ ನೋಡಿಕೊಳ್ಳಬೇಕೆಂಬುದನ್ನು ಕುರಿತು ಭಾಷಣಗಳನ್ನು ಕೇಳಿದ್ದೇವೆ, ಪ್ರಬಂಧಗಳನ್ನೂ ಬರೆದಿದ್ದೇವೆ. ಆ ಕುಟುಂಬಗಳನ್ನು ನಿತ್ಯವೂ ನೋಡಿಕೊಳ್ಳುತ್ತಿರುವ ಈ ಮೂವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡದ್ದು ಕಡಿಮೆ. ಈ ಲೇಖನದಲ್ಲಿ ಅದನ್ನು ನನ್ನ ಶಕ್ತ್ಯನುಸಾರ ವಿಚಾರ ಮಾಡಲು ಯತ್ನಿಸುತ್ತೇನೆ.

ಮೊದಲು ದುರ್ಬಲ ಕುಟುಂಬವೆಂದರೆ ಯಾವುದು? ಬಡತನವೊಂದೇ ಅದರ ಗುರುತಲ್ಲ. ಗಂಡ ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋಗಿ, ಏಳು ತಿಂಗಳ ಬಸುರಿ ಒಬ್ಬಳೇ ಮನೆಯಲ್ಲಿರುವಾಗ ಆ ಕುಟುಂಬ ದುರ್ಬಲ. ಮಗ ಸೊಸೆ ಕಬ್ಬು ಕಡಿಯಲು ಹೋಗಿ, ಕಣ್ಣು ಮಂಜಾದ ಅಜ್ಜಿ ಮೂರು ಮೊಮ್ಮಕ್ಕಳನ್ನು ಸಾಕುತ್ತಿರುವ ಕುಟುಂಬ ದುರ್ಬಲ. ಕ್ಷಯರೋಗದ ಗುಳಿಗೆಯನ್ನು ಆರು ತಿಂಗಳು ತಪ್ಪದೆ ನುಂಗಬೇಕಾದ ಕೂಲಿಕಾರನ ಕುಟುಂಬ ದುರ್ಬಲ. ಒಂದು ಮಳೆ ತಪ್ಪಿದರೆ, ಒಂದು ಕಾಯಿಲೆ ಬಂದರೆ, ಒಬ್ಬ ದುಡಿಯುವವನು ಮಲಗಿದರೆ ಯಾವ ಮನೆ ಮತ್ತೆ ಏಳಲಾರದೋ ಆ ಮನೆಯೇ ದುರ್ಬಲ ಎಂದು ನಾನು ತಿಳಿಯುತ್ತೇನೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಹೆಸರಿಸಿತು. ನಮ್ಮ ಔರಾದ ಆ ಪಟ್ಟಿಯಲ್ಲಿದೆ. ಅಂಥ ಕಡೆ ಈ ಬಗೆಯ ಮನೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಹಿಂದೆ ಇಂಥ ಮನೆಗಳಿಗೆ ಆಸರೆಯಾಗಿದ್ದವಳು ಊರ ಸೂಲಗಿತ್ತಿ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರೆಂದು 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರುಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹೆಸರಿಲ್ಲದ ನರಸಮ್ಮಂದಿರು ನಮ್ಮ ಸೀಮೆಯ ಪ್ರತಿ ಊರಿನಲ್ಲಿಯೂ ಇದ್ದರು. ಸ್ವಾತಂತ್ರ್ಯಾನಂತರ ಸರಕಾರ ಈ ಹೊಣೆಯ ಒಂದು ಭಾಗವನ್ನು ತಾನು ವಹಿಸಿಕೊಂಡಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಈಗ ರಾಜ್ಯದಲ್ಲಿರುವ ಅಂಗನವಾಡಿಗಳ ಸಂಖ್ಯೆ 65 ಸಾವಿರವನ್ನು ದಾಟಿದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಹುಟ್ಟಿದಾಗ, ಸಾವಿರ ಜನಕ್ಕೆ ಒಬ್ಬರಂತೆ ಅದೇ ಊರಿನ ಸೊಸೆಯೋ ವಿಧವೆಯೋ ಆದ ಹೆಣ್ಣುಮಗಳೊಬ್ಬಳನ್ನು ಆಶಾ ಕಾರ್ಯಕರ್ತೆಯೆಂದು ಆರಿಸಲಾಯಿತು. ಊರಿನವಳೇ ಏಕೆಂದರೆ, ಪರಸ್ಥಳದವರಿಗೆ ತೆರೆಯದ ಬಾಗಿಲು ಆಕೆಗೆ ತೆರೆಯುತ್ತದೆ. ಈ ಯೋಜನೆಯ ಜಾಣತನ ಇರುವುದು ಇಲ್ಲಿಯೇ. ಅದರ ಕಷ್ಟವೂ ಇಲ್ಲಿಯೇ ಇದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅಂಗನವಾಡಿಯೆಂದರೆ ಮಕ್ಕಳಿಗೆ ಉಪ್ಪಿಟ್ಟು ಕೊಡುವ ಜಾಗವೆಂದು ನಮ್ಮಲ್ಲಿ ಅನೇಕರ ಭಾವನೆ. ವಾಸ್ತವವಾಗಿ ಅದಕ್ಕೆ ಆರು ಕೆಲಸಗಳನ್ನು ವಿಧಿಸಲಾಗಿದೆ: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆಯವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯ ಮತ್ತು ಆಹಾರದ ತಿಳಿವಳಿಕೆ ಕೊಡುವುದು. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು. 2017ರ ಅಕ್ಟೋಬರ್ 2ರಿಂದ ಬಸುರಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯಕ್ಕೆಲ್ಲ ವ್ಯಾಪಿಸಿತು. 2021ರಿಂದ ಮಕ್ಕಳ ತೂಕ, ಎತ್ತರ, ಹಾಜರಿಗಳನ್ನು ಮೊಬೈಲಿನಲ್ಲಿ ತುಂಬುವ ಪದ್ಧತಿಯೂ ಸೇರಿತು. ಪ್ರತಿಯೊಂದು ಯೋಜನೆಯೂ ಒಳ್ಳೆಯದೇ. ಆದರೆ ಹೊಸತು ಬಂದಾಗ ಹಳೆಯದು ಇಳಿಯಲಿಲ್ಲ. ಮಾಡುವ ಕೈಗಳು ಮೊದಲಿದ್ದಷ್ಟೇ ಉಳಿದವು.

ಈ ಕೈಗಳನ್ನು ನಾನು ಮೂರು ಕಡೆ ಹತ್ತಿರದಿಂದ ನೋಡಿದ್ದೇನೆ.

ಮೊದಲನೆಯದು ಬೀದರ ನಗರದಲ್ಲಿ. ಹಳೆಯ ಊರಿನ ಒಂದು ಗಲ್ಲಿಯಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಅಂಗನವಾಡಿ ನಡೆಯುತ್ತದೆ. ನಾನು ಬಸ್ಸಿಳಿದು ಕಾಲೇಜಿಗೆ ನಡೆದು ಬರುವ ದಾರಿ ಅದು. ಬಿದರಿ ಕೆಲಸ ಮಾಡುವವರ, ಹಣ್ಣಿನ ಬಂಡಿ ತಳ್ಳುವವರ, ರಿಕ್ಷಾ ಓಡಿಸುವವರ ಮಕ್ಕಳು ಅಲ್ಲಿಗೆ ಬರುತ್ತಾರೆ. ಒಂದೇ ಕೋಣೆಯಲ್ಲಿ ಒಲೆ, ಅಕ್ಕಿಯ ಚೀಲ, ಹಾಲಿನ ಪುಡಿಯ ಡಬ್ಬಿ, ಇಪ್ಪತ್ತು ಮಕ್ಕಳು! ಅಲ್ಲಿಯ ಕಾರ್ಯಕರ್ತೆ ಮಕ್ಕಳೊಡನೆ ಉರ್ದುವಿನಲ್ಲಿ ಮಾತನಾಡಿ, ಕನ್ನಡದಲ್ಲಿ ಹಾಡು ಕಲಿಸಿ, ಮೊಬೈಲಿನಲ್ಲಿ ವರದಿ ತುಂಬುತ್ತಾರೆ. ಮಧ್ಯಾಹ್ನ ಅದೇ ವರದಿಯನ್ನು ಕಾಗದದ ಪುಸ್ತಕದಲ್ಲಿಯೂ ಬರೆಯುತ್ತಾರೆ. ಏಕೆಂದು ಕೇಳಿದೆ. “ಮೊಬೈಲು ಕೆಟ್ಟರೆ ಪುಸ್ತಕ ಬೇಕು, ಪುಸ್ತಕ ಕೇಳದಿದ್ದರೆ ಮೊಬೈಲು ಬೇಕು. ನಾನಂತೂ ಎರಡಕ್ಕೂ ಬೇಕಲ್ಲ,” ಎಂದು ನಕ್ಕರು. ಕೋಣೆಯ ಬಾಡಿಗೆ ತಡವಾಗಿ ಬಂದರೆ ಮಾಲೀಕನೆದುರು ನಿಂತು ಮಾತು ಕೇಳಬೇಕಾದವರು ಅವರೇ. ಮೊಟ್ಟೆಯ ಪೇಟೆ ದರ ಗೊತ್ತುಪಡಿಸಿದ ದರಕ್ಕಿಂತ ಹೆಚ್ಚಾದ ವಾರ ವ್ಯತ್ಯಾಸವನ್ನು ತಮ್ಮ ಕೈಯಿಂದ ಹಾಕಿದುದಾಗಿಯೂ ಹೇಳಿದರು.

ಎರಡನೆಯದು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ಕಳೆದ ವರುಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ನಾವು ಅಲ್ಲಿ ಏಳು ದಿನ ಇದ್ದೆವು. ನಾವು ಗಟಾರ ಬಳಿದು, ಸಸಿ ನೆಟ್ಟು, ಫೋಟೋ ತೆಗೆಸಿಕೊಂಡೆವು. ಆ ಏಳು ದಿನಗಳಲ್ಲಿ ಅಲ್ಲಿಯ ಅಂಗನವಾಡಿಯವರು ಮಾಡಿದ ಒಂದು ಕೆಲಸವನ್ನು ನಾನು ಮರೆಯಲಾರೆ. ಮಕ್ಕಳ ತೋಳಿನ ಸುತ್ತಳತೆ ನೋಡಲು ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿವೆ. ಆರು ತಿಂಗಳಿಂದ ಐದು ವರುಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ಕೆಂಪಿಗೆ ಬೀಳುತ್ತದೆ. ಅಂದರೆ ಮಗುವಿನ ಅಪೌಷ್ಟಿಕತೆ ತೀವ್ರವಾಗಿದೆಯೆಂದು ಅರ್ಥ. ಒಂದೂವರೆ ವರುಷದ ಒಂದು ಹುಡುಗಿಯ ತೋಳಿಗೆ ಪಟ್ಟಿ ಸುತ್ತಿದಾಗ ಅದು ಕೆಂಪಿಗೆ ಬಿತ್ತು. ಇಂಥ ಮಕ್ಕಳನ್ನು ತಾಯಿಯೊಡನೆ ಸಾಮಾನ್ಯವಾಗಿ ಎರಡು ವಾರ ಇರಿಸಿಕೊಂಡು ಔಷಧ ಆಹಾರ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಆದರೆ ಆಗ ತೊಗರಿಯ ರಾಶಿಯ ಕಾಲ. ತಾಯಿ ಹೋಗಲೊಲ್ಲಳು. ಕೂಲಿ ಹೋಗುತ್ತದೆ, ಮನೆಯಲ್ಲಿ ಇನ್ನೊಂದು ಮಗುವಿದೆ, ಅತ್ತೆ ಒಪ್ಪುವುದಿಲ್ಲ.

ಆ ಮನೆಯ ಮಾತು ಮರಾಠಿ. ಕಾರ್ಯಕರ್ತೆಯ ಮನೆಯ ಮಾತು ಕನ್ನಡ. ಜ್ವರಕ್ಕೆ ನಾವು ಉರಿ ಎಂದರೆ ಅವರು ತಾಪ ಎನ್ನುತ್ತಾರೆ, ಬೀದರದ ಗಲ್ಲಿಯಲ್ಲಿ ಬುಖಾರ ಎನ್ನುತ್ತಾರೆ. ನಮ್ಮ ಗಡಿನಾಡಿನಲ್ಲಿ ಆರೈಕೆ ಮಾಡುವವರು ದುಭಾಷಿಗಳೂ ಆಗಿರಬೇಕು. ಆಕೆ ಮೂರು ಸಂಜೆ ಆ ಮನೆಗೆ ಹೋದರು. ಮೊದಲ ಸಂಜೆ ಅತ್ತೆಯೊಡನೆ ಬರೀ ಮಗಳ ಮದುವೆಯ ಮಾತು. ಎರಡನೆಯ ಸಂಜೆ ಮಗುವಿನ ಮಾತು. ಮೂರನೆಯ ಸಂಜೆ, ತಾಯಿ ಆಸ್ಪತ್ರೆಯಲ್ಲಿ ಉಳಿದ ದಿನಗಳಿಗೆ ಕೂಲಿ ನಷ್ಟದ ಹಣ ಸಿಗುತ್ತದೆಂದು ತಿಳಿಸಿ, ದೊಡ್ಡ ಮಗುವನ್ನು ಹಗಲು ಹೊತ್ತು ಅಂಗನವಾಡಿಯಲ್ಲಿ ತಾನೇ ನೋಡಿಕೊಳ್ಳುವೆನೆಂದು ಮಾತು ಕೊಟ್ಟು ಒಪ್ಪಿಸಿದರು. ಈ ಮೂರು ಸಂಜೆಗಳನ್ನು ಬರೆಯಲು ಯಾವ ಪುಸ್ತಕದಲ್ಲಿಯೂ ಜಾಗವಿಲ್ಲ. ‘ಮಗುವನ್ನು ಕಳಿಸಲಾಗಿದೆ’ ಎಂಬ ಒಂದು ಗೆರೆಯಲ್ಲಿ ಅದು ಮುಗಿಯಿತು.

ಮೂರನೆಯದು ಔರಾದ ತಾಲ್ಲೂಕಿನ ನಮ್ಮೂರು. ಅಲ್ಲಿಯ ಆಶಾ ಕಾರ್ಯಕರ್ತೆ ನನ್ನ ತಾಯಿಯ ತಂಗಿ, ನನಗೆ ಸಣ್ಣವ್ವ. ಹತ್ತನೆಯ ತರಗತಿಯವರೆಗೆ ಓದಿದ್ದಾಳೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಅದಕ್ಕೆ ಮೊದಲು ಊರಿನಲ್ಲಿ ಕಾಗದ ಓದಬಲ್ಲ ಹೆಂಗಸೆಂದರೆ ಅವಳೇ. ಅವಳ ಕೆಲಸವನ್ನು ವಿವರಿಸುವುದಕ್ಕೆ ಮೊದಲು ಅದರ ಲೆಕ್ಕವನ್ನು ಹೇಳಬೇಕು.

ಆಶಾ ಕಾರ್ಯಕರ್ತೆಗೆ ಸಂಬಳವೆಂಬುದು ಮೂಲತಃ ಇಲ್ಲ. ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ ಇರುತ್ತದೆ. ಅದಕ್ಕೆ ಸರಕಾರಗಳು ಒಂದಿಷ್ಟು ನಿಶ್ಚಿತ ಮೊತ್ತವನ್ನು ಸೇರಿಸುತ್ತವೆ. ಉದಾಹರಣೆಗೆ ಹಸುಗೂಸಿನ ಗೃಹಾಧಾರಿತ ಆರೈಕೆಯನ್ನು ನೋಡೋಣ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಹೋಗಬೇಕು. ಕೂಸಿನ ತೂಕ ನೋಡಬೇಕು, ಮೈ ಬೆಚ್ಚಗಿದೆಯೇ, ಹಾಲು ಚೀಪುತ್ತದೆಯೇ, ಉಸಿರು ವೇಗವಾಗಿದೆಯೇ, ಹೊಕ್ಕಳು ಕೀತಿದೆಯೇ ನೋಡಬೇಕು, ಬಾಣಂತಿಯ ಆರೋಗ್ಯ ವಿಚಾರಿಸಬೇಕು. ಇದು ಯಾರೋ ಕುರ್ಚಿಯ ಮೇಲೆ ಕುಳಿತು ಯೋಚಿಸಿದ್ದಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು, ಮನೆಯಲ್ಲಿಯೇ ಆರೈಕೆ ಮಾಡಿಸಿ ಹಸುಗೂಸುಗಳ ಸಾವನ್ನು ಅರ್ಧಕ್ಕಿಂತಲೂ ಕೆಳಗಿಳಿಸಿದುದನ್ನು 1999ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಅನುಭವವೇ ದೇಶಕ್ಕೆಲ್ಲ ಮಾದರಿಯಾಯಿತು. 2011ರ ಮಾರ್ಗಸೂಚಿಯಲ್ಲಿ ಈ ಆರು ಭೇಟಿಗಳಿಗೆ ಒಟ್ಟು 250 ರೂಪಾಯಿಗಳನ್ನು ನಿಗದಿ ಮಾಡಲಾಯಿತು. ಭಾಗಿಸಿ ನೋಡಿದರೆ ಒಂದು ಭೇಟಿಗೆ 42 ರೂಪಾಯಿ ಕೂಡ ಆಗುವುದಿಲ್ಲ. ಹಣ ಸಿಗಲು ಷರತ್ತುಗಳೂ ಇದ್ದವು: ಕೂಸಿನ ತೂಕ ದಾಖಲಾಗಿರಬೇಕು, ಚುಚ್ಚುಮದ್ದು ಆಗಿರಬೇಕು, ಜನನ ನೋಂದಣಿಯಾಗಿರಬೇಕು, ಮತ್ತು 42ನೆಯ ದಿನದವರೆಗೆ ತಾಯಿ ಮಗು ಇಬ್ಬರೂ ಕ್ಷೇಮವಾಗಿರಬೇಕು.

ಕೊನೆಯ ಷರತ್ತನ್ನು ವಾಚಕರು ಇನ್ನೊಮ್ಮೆ ಓದಬೇಕೆಂದು ಬೇಡುತ್ತೇನೆ. ಅದನ್ನು ಬರೆದವರ ಉದ್ದೇಶ ಸರಿಯೇ ಇದ್ದಿರಬೇಕು. ಕೂಸು ಉಳಿಯಬೇಕೆಂಬುದೇ ಎಲ್ಲರ ಆಶೆ. ಆದರೆ ಅದರ ಅರ್ಥ ಏನಾಗುತ್ತದೆಂಬುದು ನನಗೆ ತಿಳಿದದ್ದು ಪಿ.ಯು.ಸಿ. ಎರಡನೆಯ ವರುಷದ ಚಳಿಗಾಲದಲ್ಲಿ.

ನಮ್ಮೂರಿಗೆ ಹೊಂದಿದ ತಾಂಡಾದಲ್ಲಿ ಒಂದು ಗಂಡು ಕೂಸು ಹುಟ್ಟಿತ್ತು. ತೂಕ ಎರಡು ಕಿಲೋಗೂ ಕಡಿಮೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಬೀದರ ಸೀಮೆಯ ಪುಷ್ಯಮಾಸದ ಚಳಿ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಣ್ಣವ್ವ ಮೂರನೆಯ ದಿನ ಹೋದಳು, ಏಳನೆಯ ದಿನ ಹೋದಳು. ಆಮೇಲೆ ಲೆಕ್ಕ ಬಿಟ್ಟು ದಿನ ಬಿಟ್ಟು ದಿನ ಹೋಗತೊಡಗಿದಳು. ಕೂಸನ್ನು ತಾಯಿಯ ಎದೆಗೆ ಬರಿಮೈಗೆ ಬರಿಮೈ ತಾಗುವಂತೆ ಕಟ್ಟಿಕೊಳ್ಳುವುದನ್ನು ಕಲಿಸಿದಳು, ನಮ್ಮ ಮನೆಯ ಹಳೆಯ ಸೀರೆ ಒಯ್ದು ಕೂಸಿಗೆ ಟೋಪಿ ಹೊಲಿದು ಕೊಟ್ಟಳು. ಹದಿನೇಳನೆಯ ದಿನ ರಾತ್ರಿ ಕೂಸು ಹಾಲು ಬಿಟ್ಟಿತು. ಅವಳೇ ಫೋನು ಮಾಡಿ ವಾಹನ ಕರೆಸಿ ಜೊತೆಗೆ ಹೊರಟಳು. ಆಸ್ಪತ್ರೆಯ ದಾರಿಯಲ್ಲಿಯೇ ಕೂಸು ತೀರಿತು.

ಬೆಳಗಿನ ಜಾವ ಅವಳು ತನ್ನ ಮನೆಗೆ ಹೋಗದೆ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಳು. ನಾನು ಚಹ ಕೊಟ್ಟೆ. ಅದು ಆರಿತು. “ದಿನಾ ಅಂಗಾಲು ಮುಟ್ಟಿ ನೋಡ್ತಿದ್ದೆ. ನಿನ್ನಿತನಕ ಬೆಚ್ಚಗಿತ್ತವ್ವ,” ಎಂದಷ್ಟೇ ಅಂದಳು. ಸೂರ್ಯ ಏರುವ ಹೊತ್ತಿಗೆ ಕೂಸಿನ ಕಡೆಯವರೊಬ್ಬರು ಬಂದು, “ಆಸ್ಪತ್ರೆಗೆ ಹೆರಿಗಿಗೆ ಬರ್ರಿ, ಏನೂ ಆಗಂಗಿಲ್ಲ ಅಂದಾಕಿ ನೀನೇ ಅಲ್ಲೇನು?” ಎಂದು ಕೇಳಿ ಹೋದರು. ಹತ್ತು ಗಂಟೆಗೆ ಮೇಲಿನವರೊಬ್ಬರ ಫೋನು ಬಂತು. ಎಷ್ಟು ಭೇಟಿ ಆಗಿದೆ, ಪುಸ್ತಕದಲ್ಲಿ ಬರೆದಿದೆಯೇ ಎಂದು ಕೇಳಿದರು. ಶಿಶುಮರಣವಾದಾಗ ಕಾರಣ ವಿಚಾರಿಸುವುದು ನಿಯಮ, ಅದು ಅವಶ್ಯವೂ ಹೌದು. ಆದರೆ ಆ ದಿನವಾಗಲಿ ಮರುದಿನವಾಗಲಿ, ನೀನು ಉಂಡೆಯಾ, ಮಲಗಿದೆಯಾ ಎಂದು ಅವಳನ್ನು ಕೇಳಿದವರು ನಮ್ಮ ಅವ್ವನ ಹೊರತು ಯಾರೂ ಇಲ್ಲ. ಆ 250 ರೂಪಾಯಿಯ ವಿಷಯವನ್ನು ಅವಳು ಎತ್ತಲಿಲ್ಲ. ಕೇಳಲು ನಾಚಿಕೆಯಾಗುತ್ತದೆ ಎಂದಳು. ಮೂರು ದಿನಗಳ ಮೇಲೆ ಅದೇ ತಾಂಡಾಕ್ಕೆ ಬೇರೊಂದು ಮನೆಯ ಬಸುರಿಯನ್ನು ನೋಡಲು ಹೋದಳು. ಕೂಸು ಕಳೆದುಕೊಂಡ ಮನೆಯ ಮುಂದೆಯೇ ಹಾದು ಹೋಗಬೇಕಿತ್ತು.

ಊರಿನವಳನ್ನೇ ಆರಿಸುವುದರಲ್ಲಿ ಕಷ್ಟವೂ ಇದೆಯೆಂದು ನಾನು ಮೊದಲು ಹೇಳಿದುದರ ಅರ್ಥ ಇದೇ. ದೊಡ್ಡ ಆಸ್ಪತ್ರೆಯ ವೈದ್ಯರು ಸಂಜೆ ಮನೆಗೆ ಹೋಗುತ್ತಾರೆ. ಇವಳಿಗೆ ಕೆಲಸದ ಜಾಗವೂ ಮನೆಯೂ ಒಂದೇ ಊರು. ಗೆದ್ದರೆ ಸರಕಾರದ ಯೋಜನೆ ಗೆದ್ದಿತು, ಸೋತರೆ ಸೋತವಳು ಇವಳು. ಮತ್ತು ಇವಳು ಕೂಡ ದುರ್ಬಲ ಕುಟುಂಬದವಳೇ. ಯಾರಿಗೆ ಆಸರೆ ಕೊಡಲು ನೇಮಿಸಿದ್ದಾರೋ ಅವರಿಗಿಂತ ಇವಳ ಗೋಡೆ ಹೆಚ್ಚು ಗಟ್ಟಿಯಾಗಿಲ್ಲ.

ಹಾಗಾದರೆ ಇವರಿಗೆ ಬೆಂಬಲವೆಂದರೆ ಏನು? ಶಾಲು ಹೊದಿಸಿ ಹಾರ ಹಾಕುವುದು ಬೆಂಬಲವೆಂದು ನಾವು ತಿಳಿದಿದ್ದೇವೆ. 2022ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. ಹೆಮ್ಮೆಯ ಸಂಗತಿಯೇ ಸರಿ. ಆದರೆ ಅದಕ್ಕೆ ಎರಡು ವರುಷ ಮೊದಲು, 2020ರ ಜುಲೈಯಲ್ಲಿ, ಕೋವಿಡ್ ಕಾಲದಲ್ಲಿ ಮನೆಮನೆ ಸುತ್ತಿದ ಇದೇ ಹೆಂಗಸರು ಕರ್ನಾಟಕದಲ್ಲಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿಗಳಿಗಾಗಿ ಮುಷ್ಕರ ಹೂಡಬೇಕಾಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಕುಳಿತು, ತಿಂಗಳಿಗೆ 10,000 ರೂಪಾಯಿಗಳ ಖಾತರಿಯ ಭರವಸೆ ಪಡೆದು ಎದ್ದರು.

‘ಗೌರವಧನ’ ಎಂಬ ಶಬ್ದವನ್ನು ಸ್ವಲ್ಪ ವಿಚಾರ ಮಾಡಬೇಕು. ಸಂಬಳವೆಂದರೆ ದುಡಿದವರ ಹಕ್ಕು. ಗೌರವಧನವೆಂದರೆ ಕೊಡುವವರ ದಾಕ್ಷಿಣ್ಯ. ಈ ಒಂದು ಶಬ್ದದ ಮೇಲೆ ನ್ಯಾಯಾಲಯಗಳಲ್ಲಿ ವರುಷಗಟ್ಟಲೆ ವಾದ ನಡೆದಿದೆ. ನಮ್ಮ ರಾಜ್ಯದಿಂದಲೇ ಹೋದ ಅಮೀರ್‌ಬಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸರಕಾರಿ ಹುದ್ದೆಯವರಲ್ಲವೆಂದು ತೀರ್ಪು ಕೊಟ್ಟಿತು. 2013ರಲ್ಲಿ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇಂಥವರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಬೇಕೆಂದು ಶಿಫಾರಸು ಮಾಡಿತು. 2022ರ ಏಪ್ರಿಲ್ 25ರಂದು ಗುಜರಾತಿನಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೇ, ಅಂಗನವಾಡಿ ಕಾರ್ಯಕರ್ತೆ ಸಹಾಯಕಿಯರಿಗೆ 1972ರ ಕಾಯಿದೆಯಂತೆ ಉಪದಾನ, ಅಂದರೆ ಗ್ರಾಚ್ಯುಯಿಟಿ, ಸಲ್ಲಬೇಕೆಂದು ಹೇಳಿತು. ಗೌರವಧನವೆಂದು ಕರೆದ ಮಾತ್ರಕ್ಕೆ ಅದು ವೇತನವಲ್ಲವೆಂದಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. 16 ವರುಷಗಳಲ್ಲಿ ಶಬ್ದವೊಂದು ಅಷ್ಟು ದೂರ ನಡೆದು ಬಂದಿತು. ಇನ್ನೂ ನಡೆಯಬೇಕಾದ ದಾರಿ ಇದೆ. ನೆರೆಯ ಪಾಕಿಸ್ತಾನದಲ್ಲಿ 1994ರಲ್ಲಿ ಆರಂಭವಾದ ಇಂಥದೇ ಯೋಜನೆಯ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ದೀರ್ಘ ಹೋರಾಟದ ನಂತರ, 2012ರ ಸುಮಾರಿಗೆ ಕಾಯಂ ನೌಕರರಾದರು. ಅಂದರೆ ಇದು ಆಗದ ಮಾತಲ್ಲ.

ಆದರೂ ಹಣವೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನಾನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತರನ್ನು ಕುರಿತು ಹೊರಡಿಸಿದ ಮಾರ್ಗಸೂಚಿಯಲ್ಲಿ, ಕೆಲಸಕ್ಕೆ ತಕ್ಕ ಸಂಭಾವನೆ ಕೊಡಿ, ಬರೀ ಪ್ರೋತ್ಸಾಹಧನವನ್ನೇ ನೆಚ್ಚಿಸಬೇಡಿ ಎಂದು ಹೇಳಿದೆ. ಜೊತೆಗೆ ಕೈಹಿಡಿದು ನಡೆಸುವ ಮೇಲ್ವಿಚಾರಣೆಯೂ ಬೇಕೆಂದಿದೆ. ತಪ್ಪು ಹುಡುಕುವ ಮೇಲ್ವಿಚಾರಣೆಗೂ ಕೈಹಿಡಿಯುವ ಮೇಲ್ವಿಚಾರಣೆಗೂ ಇರುವ ಅಂತರ, ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆಯುವ ಅಧ್ಯಾಪಕರಿಗೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುವ ಅಧ್ಯಾಪಕರಿಗೂ ಇರುವ ಅಂತರವೇ.

ಇದಕ್ಕೆ ಉತ್ತಮ ಉದಾಹರಣೆ ನಮ್ಮ ಪಶ್ಚಿಮಕ್ಕೆ, ಮಹಾರಾಷ್ಟ್ರದ ಜಾಮಖೇಡದಲ್ಲಿ ಇದೆ. ಡಾ. ರಜನಿಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿಗಳು 1970ರಲ್ಲಿ ಅಲ್ಲಿ ಗ್ರಾಮೀಣ ಆರೋಗ್ಯ ಯೋಜನೆಯೊಂದನ್ನು ಆರಂಭಿಸಿದರು. ಹಳ್ಳಿಗಳಿಂದ ಆರಿಸಿದ ಹೆಂಗಸರು, ಅನೇಕರು ಅಕ್ಷರ ತಿಳಿಯದವರು, ಹಲವರು ದಲಿತ ಕುಟುಂಬಗಳವರು, ಆರೋಗ್ಯ ಸೇವಕಿಯರಾದರು. ಅವರನ್ನು ಒಮ್ಮೆ ತರಬೇತಿ ಕೊಟ್ಟು ಕೈಬಿಡಲಿಲ್ಲ. ಅವರು ಮತ್ತೆ ಮತ್ತೆ ಕೇಂದ್ರಕ್ಕೆ ಬಂದು ಸೇರಿ, ಊರಿನಲ್ಲಿ ಆದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಗೊತ್ತಿಲ್ಲದ್ದನ್ನು ವೈದ್ಯರಿಂದ ಕೇಳಿ ತಿಳಿದು, ಒಟ್ಟಿಗೆ ಉಂಡು ಮಲಗಿ ತಮ್ಮ ಊರುಗಳಿಗೆ ಮರಳುತ್ತಿದ್ದರು. ಔಷಧದ ಪಾಠದಷ್ಟೇ ಮುಖ್ಯವಾಗಿದ್ದುದು ಅಲ್ಲಿ ಒಬ್ಬರ ದುಃಖವನ್ನು ಇನ್ನೊಬ್ಬರು ಕೇಳುವುದು ಎಂದು ನನಗೆ ತೋರುತ್ತದೆ. ಆರೋಳೆ ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ನಮ್ಮ ಸಣ್ಣವ್ವನಿಗೂ ತಿಂಗಳ ಸಭೆಗಳಿವೆ. ಆದರೆ ಅವುಗಳ ಬಹು ಸಮಯ ವರದಿಯಲ್ಲಿಯೇ ಹೋಗುತ್ತದೆಂದು ಅವಳು ಹೇಳುತ್ತಾಳೆ. ಆ ಸಭೆಯಲ್ಲಿ ಅರ್ಧ ತಾಸು, ‘ಈ ತಿಂಗಳು ನಿನಗೆ ಏನು ಕಷ್ಟವಾಯಿತು?’ ಎಂದು ಕೇಳುವುದಕ್ಕಿದ್ದರೆ ಖರ್ಚೇನೂ ಇಲ್ಲ.

ಸೇವೆಗೆ ಬೆಲೆ ಕಟ್ಟಬಾರದು, ಹಣ ಕೇಳಿದರೆ ಸೇವೆ ಮಲಿನವಾಗುತ್ತದೆ ಎಂದು ಕೆಲವು ಹಿರಿಯರು ಹೇಳುವುದುಂಟು. ಅವರಿಗೆ ನಾನು ನಮ್ಮ ಜಿಲ್ಲೆಯ ಬಸವಕಲ್ಯಾಣದ ಕಡೆ ಬೆರಳು ತೋರಿಸುತ್ತೇನೆ. 12ನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೋಡಿಯಾಗಿ ಹೇಳಿದರು. ದುಡಿದು ಪಡೆದದ್ದು ಮೊದಲು, ಹಂಚುವುದು ಆಮೇಲೆ. ಆಯ್ದಕ್ಕಿ ಲಕ್ಕಮ್ಮನು ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳೆಂಬ ಕಥೆ ನಮಗೆ ಗೊತ್ತು. ಆದರೆ ಅಂದಂದಿಗೆ ಬೇಕಾದ ಅಕ್ಕಿಯೂ ಬೇಡವೆಂದು ಆಕೆ ಹೇಳಲಿಲ್ಲ. ಕಾಯಕದವಳ ಒಲೆ ಉರಿಯದೆ ದಾಸೋಹದ ಒಲೆ ಉರಿಯುವುದು ಹೇಗೆ? ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದುದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಅದೇ ಮಠ ತಂದೆತಾಯಿಗಳಿಲ್ಲದ ಶಿಶುಗಳನ್ನು ಸಾಕಿ ಬೆಳೆಸುತ್ತಿರುವುದನ್ನೂ ಕಂಡಿದ್ದೇವೆ. ಆರೈಕೆಯ ಪರಂಪರೆ ಈ ನೆಲಕ್ಕೆ ಹೊಸತಲ್ಲ. ಆರೈಕೆ ಮಾಡುವ ಬಡ ಹೆಂಗಸಿಗೂ ಆರೈಕೆ ಬೇಕೆಂಬ ತಿಳಿವಳಿಕೆ ಮಾತ್ರ ಇನ್ನೂ ಬೆಳೆಯಬೇಕಾಗಿದೆ.

ಸರಕಾರ ಮಾಡಬೇಕಾದುದನ್ನು ಸರಕಾರ ಮಾಡಲಿ. ವಿದ್ಯಾರ್ಥಿಗಳಾದ ನಾವು ಏನು ಮಾಡಬಹುದು? ನಮ್ಮಲ್ಲಿ ಬಹಳ ಮಂದಿ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬರುವವರು. ನಮ್ಮೂರಿನ ಕಾರ್ಯಕರ್ತೆಯರಿಗೆ ಮೊಬೈಲಿನ ವರದಿ ತುಂಬುವುದರಲ್ಲಿ ವಾರಕ್ಕೊಂದು ಗಂಟೆ ಕೈಜೋಡಿಸಬಹುದು. ಪ್ರತಿ ಊರಿನಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ, ಅಂಗನವಾಡಿಗೆ ಬಾಲವಿಕಾಸ ಸಮಿತಿ ಇರಬೇಕೆಂದು ನಿಯಮವಿದೆ. ಅವು ಸಭೆ ಸೇರುತ್ತವೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಬಹುದು. ಮರಾಠಿ, ಉರ್ದು, ಲಂಬಾಣಿ ಬಲ್ಲವರು ಒಂದೆರಡು ಮನೆಗಳಿಗೆ ಅವರೊಡನೆ ಹೋಗಬಹುದು. ಸೇವಾ ಯೋಜನೆಯ ಶಿಬಿರದಲ್ಲಿ ಗಟಾರದೊಂದಿಗೆ ಅಂಗನವಾಡಿಯ ಸೋರುವ ಮಾಳಿಗೆಯನ್ನೂ ನೋಡಬಹುದು. ಇದಾವುದೂ ಆಗದಿದ್ದರೆ, ಊರಿನಲ್ಲಿ ಕೂಸೊಂದು ತೀರಿದ ದಿನ ಆ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ಐದು ನಿಮಿಷ ಕುಳಿತು ಬರಬಹುದು.

ನನ್ನ ಸಣ್ಣವ್ವ ಈಗಲೂ ಅದೇ ತಾಂಡಾಕ್ಕೆ ಹೋಗುತ್ತಾಳೆ. ಕೂಸು ಕಳೆದುಕೊಂಡ ಆ ತಾಯಿಗೆ ಕಳೆದ ವರುಷ ಹೆಣ್ಣು ಮಗುವಾಗಿದೆ. ತೂಕ ಎರಡು ಕಿಲೋ ಎಂಟುನೂರು ಗ್ರಾಂ. ನಲವತ್ತೆರಡನೆಯ ದಿನ ಆ ಮನೆಯವರು ಅವಳನ್ನು ಕರೆದು ಕೂರಿಸಿ, ಜೋಳದ ರೊಟ್ಟಿ ಬಡಿದು ಉಣಿಸಿ ಕಳಿಸಿದರು. ಮನೆಗೆ ಬಂದು ಅದನ್ನು ಅವಳು ಮೂರು ಸಲ ಹೇಳಿದಳು. ಒಂದು ಹೊತ್ತಿನ ಊಟಕ್ಕೆ, ಒಂದು ಕೇಳಿಕೆಗೆ ಅಷ್ಟು ಹಸಿದಿದ್ದಳೆಂಬುದು ನನಗೆ ಆಗ ತಿಳಿಯಿತು. ಬಡ ತಾಂಡಾದ ಜನಕ್ಕೆ ಹೊಳೆದದ್ದು ಓದಿದ ನಮಗೆ, ನಮ್ಮ ಇಲಾಖೆಗಳಿಗೆ, ನಮ್ಮ ಸರಕಾರಕ್ಕೆ ಹೊಳೆಯಬಾರದೇಕೆ?